ಸ್ಪಿರಿಟ್ ಸ್ಟೌ ಮನೆಯಲ್ಲೇ ಮಾಡಿದವರು ಯಾರಾದರೂ ಇದ್ದೀರಾ?

ನಿಟುವಳ್ಳಿಯವ:
ನಮಸ್ಕಾರ. ಗೆಳೆಯನ ತೋಟ ಕೊಂಡಜ್ಜಿ ಕಡೆ ಇದೆ, ಅಲ್ಲಿ ಒಂದು ರಾತ್ರಿ ಟೆಂಟ್ ಹಾಕುವ ಯೋಚನೆ. ಇಬ್ಬರಿಗೆ ಟೀ, ಮ್ಯಾಗಿ ಆದರೆ ಸಾಕು. ಹಾರ್ಡ್‌ವೇರ್ ಅಂಗಡಿ ಸಾಮಾನಿನಲ್ಲೇ ಸ್ಪಿರಿಟ್ ಸ್ಟೌ, ಅಂದರೆ ಆಲ್ಕೋಹಾಲ್ ಹೊಯ್ದು ಉರಿಸುವ ಪುಟ್ಟ ಒಲೆ, ಮಾಡಬೇಕು. ಬಜೆಟ್ 300 ರೂಪಾಯಿ. ಡ್ರಿಲ್ ಮೆಷಿನ್ ಇಲ್ಲ. ಮಾಡಿದವರು ಅನುಭವ ಹೇಳಿ.

ದುರ್ಗದ ಚಾರಣಿಗ:
ನಾನು ಕೂಲ್‌ಡ್ರಿಂಕ್ಸ್ ಡಬ್ಬಿಯಲ್ಲಿ ಮಾಡಿದ್ದೇನೆ, ಇವತ್ತಿಗೂ ಅದನ್ನೇ ಬಳಸುತ್ತೇನೆ. ಎರಡು ಡಬ್ಬಿಯ ತಳ ಕತ್ತರಿಸಿ ಒಂದರೊಳಗೆ ಒಂದು ತೂರಿಸಬೇಕು. ಎಲ್ಲರ ತಾಳ್ಮೆ ಕೆಡುವುದು ಅಲ್ಲೇ. ತಗಡು ತುಂಬಾ ತೆಳು, ಜೋರಾಗಿ ಒತ್ತಿದರೆ ಅಂಚು ಸೀಳುತ್ತದೆ. ಒಡೆಯದ, ತುಂಬಿದ ಡಬ್ಬಿಯ ತಳವನ್ನು ಕತ್ತರಿಸಿದ ಒಂದು ತುಂಡಿನೊಳಗೆ ಒತ್ತಿ ಬಾಯಿ ಸ್ವಲ್ಪ ಹಿಗ್ಗಿಸಿಕೊಂಡರೆ ಇನ್ನೊಂದು ಸಲೀಸಾಗಿ ಕೂರುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಎಷ್ಟು ಡಬ್ಬಿ ಹಾಳಾದವೋ!

ಡಬ್ಬಿಗೆ ದುಡ್ಡು ಕೊಟ್ಟಿಲ್ಲ, ಬೇಕರಿಯವರು ಸುಮ್ನೆ ಕೊಟ್ಟರು. ಖರ್ಚಾಗಿದ್ದು ಉರಿ ಬರುವ ಸಣ್ಣ ತೂತು ಕೊರೆಯುವ 1 ಮಿ.ಮೀ. ಡ್ರಿಲ್ ಬಿಟ್‌ಗೆ. ಒಂದಕ್ಕೆ 30 ರೂಪಾಯಿ, ಮುಟ್ಟಿದರೆ ಮುರಿಯುತ್ತವೆ. ಗಾಳಿ ಇಲ್ಲದಿದ್ದರೆ 30 ಮಿ.ಲೀ. ಸ್ಪಿರಿಟ್‌ಗೆ ಅರ್ಧ ಲೀಟರ್ ನೀರು ಏಳೆಂಟು ನಿಮಿಷದಲ್ಲಿ ಕುದಿಯುತ್ತದೆ. ನಮ್ಮ ಜೋಗಿಮಟ್ಟಿ ಕಡೆ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಂತಿವೆ. ಸುತ್ತ ತಗಡಿನ ಮರೆ ಇಲ್ಲದೆ ನೀರು ಬಿಸಿಯಾಗುತ್ತದೆ ಅಷ್ಟೇ, ಕುದಿಯುವುದಿಲ್ಲ. ಆ ತಗಡಿಗೇ 120 ರೂಪಾಯಿ ಆಯಿತು.

ಮಂಡಿಪೇಟೆ:
ಡಬ್ಬಿ ಸ್ಟೌ ಬ್ಯಾಗಿನಲ್ಲಿ ಒಂದು ಸಲ ಅಮುಕಿದರೆ ಕಥೆ ಮುಗಿಯಿತು. ನಾನು ಹಿತ್ತಾಳೆಯಲ್ಲಿ ಮಾಡಿಸಿದೆ. ಎರಡಿಂಚು ದಪ್ಪ, ಎರಡಿಂಚು ಉದ್ದದ ರಾಡು 870 ಗ್ರಾಂ ತೂಗಿತು, 560 ರೂಪಾಯಿ. ಮೊದಲ ಲೇತ್‌ನವನು 300 ಅಡ್ವಾನ್ಸ್ ತಗೊಂಡ. ಅರ್ಧ ಕೊರೆದು, ಮುಚ್ಚಳಕ್ಕೆ ಥ್ರೆಡ್ ಹಾಕಲು ಆಗಲ್ಲ ಅಂತ ಕೈಯೆತ್ತಿದ. ಅಡ್ವಾನ್ಸ್ ವಾಪಸ್ ಕೊಡಲೇ ಇಲ್ಲ. ಎರಡನೆಯವನು 700ಕ್ಕೆ ಮುಗಿಸಿಕೊಟ್ಟ. ರಬ್ಬರ್ ರಿಂಗ್ 15. ಒಟ್ಟು 1575. ದುಬಾರಿ ಅನ್ನಿ, ಆದರೆ ಉಳಿದ ಸ್ಪಿರಿಟ್ ಅದರಲ್ಲೇ ಇಟ್ಟು ಮುಚ್ಚಳ ತಿರುಗಿಸಿದರೆ ಒಂದು ಹನಿ ಸೋರುವುದಿಲ್ಲ. ನನ್ನ ಮಗ ಕೂಡ ಅದನ್ನೇ ಬಳಸುತ್ತಾನೆ.

ಹರಿಹರದ ಫಿಟ್ಟರ್:
ಎರಡು ಲೋಟ ಟೀಗೆ 1575 ಯಾಕೆ ಸ್ವಾಮಿ? ಪೈಪಿನ ಬಾಯಿ ಮುಚ್ಚುವ ಜಿಐ ಕಬ್ಬಿಣದ ಎಂಡ್ ಕ್ಯಾಪ್ 45 ರೂಪಾಯಿ. ಒಳಗೆ ಸ್ಪಿರಿಟ್ ಹೀರಿಕೊಳ್ಳಲು ಸ್ವಲ್ಪ ಸೆರಾಮಿಕ್ ಉಲ್ಲನ್ (ಬೆಂಕಿಗೆ ಸುಡದ ಹತ್ತಿಯಂಥದ್ದು), ಮೇಲೆ ಜಾಲರಿ ತುಂಡು. ತೂತೂ ಬೇಡ, ಡ್ರಿಲ್ಲೂ ಬೇಡ. ಕ್ಯಾಪು ಒದ್ದರೂ ಮಗುಚುವುದಿಲ್ಲ.

ಮಂಡಿಪೇಟೆ:
ಜಿಐ ಮೇಲೆ ಇರುವುದು ಸತುವಿನ ಲೇಪ. ಕಾದರೆ ಬಿಳಿ ಹೊಗೆ ಬರುತ್ತದೆ, ಕುಡಿದರೆ ಜ್ವರ. ವೆಲ್ಡಿಂಗ್ ಮಾಡುವವರನ್ನು ಕೇಳಿ. ಹುಡುಗರಿಗೆ ಇಂಥದ್ದು ಹೇಳಿಕೊಡಬೇಡಿ.

ಹರಿಹರದ ಫಿಟ್ಟರ್:
ನನಗೆ ವೆಲ್ಡಿಂಗ್ ಪಾಠ ಮಾಡುತ್ತೀರಾ? ನಿಮ್ಮ ಹಿತ್ತಾಳೆಯಲ್ಲೂ ಸತು ಇದೆ, ತಾಮ್ರದ ಜೊತೆ ಅದನ್ನೇ ಬೆರೆಸುವುದು. ಸ್ಪಿರಿಟ್ ಕುದಿಯುವುದು 78 ಡಿಗ್ರಿಗೆ. ಒಳಗೆ ಸ್ಪಿರಿಟ್ ಇರುವ ತನಕ ಕ್ಯಾಪು ವೆಲ್ಡಿಂಗ್‌ನಷ್ಟು ಕಾಯುವುದೇ ಇಲ್ಲ. ಉರಿ ತಾಗುವುದು ಜಾಲರಿಗೆ. ಅದನ್ನು ಸ್ಟೀಲಿನದು ಹಾಕಿ, ಮುಗಿಯಿತು.

ಮಂಡಿಪೇಟೆ:
ಜಾಲರಿ ಸ್ಟೀಲಿನದು ಅಂತ ಮೊದಲು ಬರೆದಿರಲಿಲ್ಲ. ಈಗ ಸೇರಿಸಿದ್ದೀರಿ.

ಹಿರಿಯೂರಿನ ಅಕ್ಕ:
ನೀವಿಬ್ಬರೂ ಲೋಹದ ಜಗಳ ಬಿಡಿ. ಒಳಗೆ ಏನು ಹೊಯ್ಯುತ್ತೀರಿ ಅನ್ನುವುದು ಮುಖ್ಯ. ಪೇಂಟ್ ಅಂಗಡಿಯಲ್ಲಿ ಪಾಲಿಶ್ ಸ್ಪಿರಿಟ್ ಕೊಡಿ ಅಂದರೆ, ಸ್ಟಾಕ್ ಇಲ್ಲ, ಇದೂ ಅದೇ ಅಂತ ಥಿನ್ನರ್ ಕೊಟ್ಟರು. ನಮ್ಮ ಯಜಮಾನರು ನಂಬಿದರು. ಕಡ್ಡಿ ಗೀರಿದ್ದೇ ತಡ, ಮೊಳದುದ್ದ ಹಳದಿ ಉರಿ ಎದ್ದು ಅವರ ಮುಂಗೈ ಕೂದಲೆಲ್ಲ ಸುಟ್ಟುಹೋಯಿತು. ಪಾತ್ರೆ ತಳದ ಮಸಿ ಎಷ್ಟು ಉಜ್ಜಿದರೂ ಹೋಗಲಿಲ್ಲ. 340 ರೂಪಾಯಿಯ ಹೊಸ ಪಾತ್ರೆ ಅದು. ಮಗು ಪಕ್ಕದಲ್ಲೇ ಇತ್ತು, ನೆನೆದರೆ ಈಗಲೂ ಕೋಪ ಬರುತ್ತದೆ.

ಒಳ್ಳೆ ಸ್ಪಿರಿಟ್‌ನ ಉರಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಮೇಲಿಂದ ಹೊಯ್ದರೆ ಉರಿ ಬಾಟಲಿಗೇ ಹತ್ತುತ್ತದೆ. ಸ್ಟೌ ತಣ್ಣಗಾಗಲಿ, ಅದರ ಮೇಲ್ಗಡೆ ಕೈ ಚಾಚಿ ಬಿಸಿ ಇದೆಯಾ ನೋಡಿ, ಆಮೇಲೆ ಹೊಯ್ಯಿರಿ.

ದುರ್ಗದ ಚಾರಣಿಗ:
ಅಕ್ಕ ಹೇಳಿದ್ದು ನಿಜ. ನಾನು ಉರಿ ಆರಿಸಲು ಬಾಯಿಂದ ಊದುವುದಿಲ್ಲ, ಸ್ಟೀಲ್ ಡಬ್ಬಿ ಬೋರಲು ಹಾಕುತ್ತೇನೆ. ಜೋಗಿಮಟ್ಟಿ ಕಡೆ ಬೇಸಿಗೆಯಲ್ಲಿ ಹುಲ್ಲು ಪೂರ್ತಿ ಒಣಗಿರುತ್ತದೆ.

ಹರಿಹರದ ಫಿಟ್ಟರ್:
ಜೋಗಿಮಟ್ಟಿಯಲ್ಲಿ ಉರಿ ಹಚ್ಚಿದ್ದೀರಾ? ಅದು ಕಾಡು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ನಿಮ್ಮಂಥವರಿಂದಲೇ ಚಾರಣಿಗರಿಗೆಲ್ಲ ಕೆಟ್ಟ ಹೆಸರು.

ದುರ್ಗದ ಚಾರಣಿಗ:
ಸರಿಯಾಗಿ ಓದಿ ಮಾತಾಡಿ. ಆ ಕಡೆ ಅಂದೆ, ಕಾಡಿನೊಳಗೆ ಅನ್ನಲಿಲ್ಲ. ಗುಡ್ಡದ ಬುಡದಲ್ಲಿ ನಮ್ಮ ಚಿಕ್ಕಪ್ಪನ ಹೊಲ ಇದೆ, ಉತ್ತ ನೆಲ. ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡೇ ಕಡ್ಡಿ ಗೀರುವುದು. ಕಾಡಿಗೆ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಬಡಿಯಲು ಹೋದವನು ನಾನು. ನನಗೆ ಹೇಳಬೇಡಿ.

ಮಂಡಿಪೇಟೆ:
ಫಿಟ್ಟರ್ ಅವರೇ, ನೋಡಿ, ಎಲ್ಲರ ಮೇಲೂ ಹೀಗೇ ಹಾರುತ್ತೀರಿ.

ನಿಟುವಳ್ಳಿಯವ:
ಎಲ್ಲರಿಗೂ ಥ್ಯಾಂಕ್ಸ್. ಡ್ರಿಲ್ ಇಲ್ಲದೆ ಡಬ್ಬಿಗೆ ತೂತು ಮಾಡಬಹುದಾ ಅಂತ ಯಾರಾದರೂ ಹೇಳಿದರೆ ಉಪಕಾರ.

ದುರ್ಗದ ಚಾರಣಿಗ:
ಬೋರ್ಡ್ ಪಿನ್ ಸಾಕು. ತಗಡಿನ ಹಿಂದೆ ಮರದ ತುಂಡು ಕೊಟ್ಟು ಒತ್ತಿ. ಪೇಪರ್ ಪಟ್ಟಿಯನ್ನು ಡಬ್ಬಿ ಸುತ್ತ ಅಳೆದು, ನಾಲ್ಕು ಸಲ ಮಡಚಿ ಬಿಚ್ಚಿದರೆ 16 ಗುರುತು ಸಮನಾಗಿ ಸಿಗುತ್ತದೆ. ಮೊದಲ ಸಲ ಅಂಗಳದಲ್ಲಿ ಉರಿಸಿ, ಡಬ್ಬಿಯ ಬಣ್ಣ ಸುಟ್ಟು ವಾಸನೆ ಬರುತ್ತದೆ.

ಹರಿಹರದ ಫಿಟ್ಟರ್:
ಎಂಡ್ ಕ್ಯಾಪ್‌ಗೆ ಇದ್ಯಾವುದೂ ಬೇಕಿಲ್ಲ.