ಸಿಗರೇಟ್ ಬಿಡಿಸುವ ತರಬೇತಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಸ್ಟಾಫ್ ನರ್ಸ್): ಡಾಕ್ಟ್ರೇ, ರೋಗಿಗಳಿಗೆ ಸಿಗರೇಟ್ ಬಿಡಿಸುವ ಬಗ್ಗೆ ನಮ್ಮ ವಾರ್ಡಿನ ನರ್ಸ್‌ಗಳಿಗೆ ನಾನೇ ತರಬೇತಿ ಕೊಡಬೇಕು. ಹೋದ ಸಲ ಹಾಳಾದ ಶ್ವಾಸಕೋಶದ ಚಿತ್ರ ತೋರಿಸಿ ಒಂದು ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ವಾರ್ಡಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಉತ್ತರ (ಎದೆರೋಗ ವೈದ್ಯ): ಚಿತ್ರಗಳನ್ನು ಬಿಟ್ಟುಬಿಡಿ ಸಿಸ್ಟರ್. ಸಿಗರೇಟ್ ಕೆಟ್ಟದ್ದು ಅಂತ ನರ್ಸಿಗೂ ಗೊತ್ತು, ಸೇದುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಾತು ಹೇಗೆ ತೆಗೆಯಬೇಕು ಅನ್ನೋದೇ ಕಷ್ಟ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ರೋಗಿ, ಒಬ್ಬರು ನರ್ಸ್. ಮೂರೇ ನಿಮಿಷ. ಸೇದುತ್ತೀರಾ ಅಂತ ಕೇಳಬೇಕು, ಬಿಡಿ ಅಂತ ನೇರವಾಗಿ ಹೇಳಬೇಕು, ಬಿಡುವ ಮನಸ್ಸಿದೆಯಾ ನೋಡಬೇಕು, ನೆರವು ಕೊಡಬೇಕು, ಮತ್ತೆ ಮಾತಾಡುವ ದಿನ ಗೊತ್ತು ಮಾಡಬೇಕು. ಇಂಗ್ಲಿಷಿನಲ್ಲಿ ಈ ಐದೂ ಹೆಜ್ಜೆಗಳ ಹೆಸರು ‘ಎ’ಯಿಂದ ಶುರು, ಅದಕ್ಕೇ ಇದು ಫೈವ್ ಎ. ಮೊದಲ ಎರಡನ್ನು ಎಲ್ಲರೂ ಮಾಡುತ್ತಾರೆ, ಕೊನೆಯದನ್ನು ಮರೆಯುತ್ತಾರೆ. ಬಿಟ್ಟ ಮೊದಲ ಎರಡು ಮೂರು ದಿನ ಚಡಪಡಿಕೆ ಜಾಸ್ತಿ. ಫೋನ್ ಹೋಗಬೇಕಾದ್ದು ಆಗ. ತಿಂಗಳು ಬಿಟ್ಟು ಬನ್ನಿ ಅಂದರೆ ಅಷ್ಟರಲ್ಲಿ ಮತ್ತೆ ಹಚ್ಚಿರುತ್ತಾರೆ.

ಇನ್ನೊಂದು ಪ್ರಶ್ನೆ ಬಾಯಿಪಾಠ ಮಾಡಿಸಿ: ‘ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್?’ 30 ನಿಮಿಷದೊಳಗೆ ಅಂದರೆ ಚಟ ಗಟ್ಟಿಯಾಗಿದೆ. ಅಂಥವರಿಗೆ ಸಿಗರೇಟಿನ ಬದಲು ಜಗಿಯಲು ಕೊಡುವ ನಿಕೋಟಿನ್ ಗಮ್ 2 ಮಿಲಿಗ್ರಾಂ ಸಾಲದು, 4 ಮಿಲಿಗ್ರಾಂ ಬೇಕು.

ಪ್ರಶ್ನೆ: ಗಮ್ ಕೊಟ್ಟರೆ ಗಂಟಲುರಿ, ಬಿಕ್ಕಳಿಕೆ ಅಂತ ಎರಡೇ ದಿನಕ್ಕೆ ಎಸೆಯುತ್ತಾರಲ್ಲ?

ಉತ್ತರ: ಚೂಯಿಂಗ್ ಗಮ್ ಥರ ಸುಮ್ನೆ ಜಗಿದಿರುತ್ತಾರೆ. ನಿಕೋಟಿನ್ ಎಲ್ಲ ಹೊಟ್ಟೆಗೆ ಹೋಯಿತು, ಅಲ್ವಾ? ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೇ ಅರ್ಧ ಗಂಟೆ. ಅದಕ್ಕೆ ಮುಂಚೆ 15 ನಿಮಿಷ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ತರಬೇತಿಯಲ್ಲಿ ಎಲ್ಲರಿಗೂ ನಿಕೋಟಿನ್ ಇಲ್ಲದ ಸಾದಾ ಗಮ್ ಕೊಟ್ಟು ಮಾಡಿಸಿ. ನಗುತ್ತಾರೆ, ಆದರೆ ಮರೆಯುವುದಿಲ್ಲ.

ಪ್ರಶ್ನೆ (ಫಾರ್ಮಸಿಸ್ಟ್): ಉಬ್ಬಸಕ್ಕೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪೀನ್ ತೆಗೆದುಕೊಳ್ಳುವವರ ಬಗ್ಗೆಯೂ ಹೇಳಬೇಕಲ್ವಾ ಸರ್?

ಉತ್ತರ: ಖಂಡಿತ. ಸಿಗರೇಟಿನ ಹೊಗೆಯಿಂದ ಲಿವರ್ ಈ ಔಷಧಿಗಳನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ರಕ್ತದಲ್ಲಿ ಮದ್ದು ಏರುತ್ತದೆ. ಕಾರಣ ನಿಕೋಟಿನ್ ಅಲ್ಲ, ಹಾಗಾಗಿ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿದ್ದರೂ ಡಾಕ್ಟರಿಗೆ ಮೊದಲೇ ತಿಳಿಸಿ.

ಪ್ರಶ್ನೆ (ಇನ್ನೊಬ್ಬ ನರ್ಸ್): ಸರ್, ನಾನೇ ಸೇದುತ್ತೇನೆ. ಯಾವ ಬಾಯಲ್ಲಿ ಬಿಡಿ ಅನ್ನಲಿ?

ಉತ್ತರ: ಅಭ್ಯಾಸದ ದಿನ ರೋಗಿಯ ಕುರ್ಚಿಯಲ್ಲಿ ನೀವೇ ಕೂರಿ, ನಟಿಸುವ ಕಷ್ಟ ಇಲ್ಲ. ಮೊದಲ ಸಿಗರೇಟ್ ಎಷ್ಟು ಹೊತ್ತಿಗೆ ಅನ್ನೋದನ್ನು ಮಾತ್ರ ಇಲ್ಲಿ ಬೇಡ, ನನಗೆ ಬೇರೆಯಾಗಿ ಬರೆದು ಕಳಿಸಿ.