ನಾಲ್ಕು ಗ್ಯಾಸಿನ ಮೀಟರ್ ಸುಮ್ಮನಿದೆ, ಬಾವಿಗೆ ಇಳಿದವರಿಗೆ ಏದುಸಿರು: ಯಾಕೆ?

ಬದಿಯಡ್ಕ ಬಾವಿಕೆಲಸ
ಮಳೆಗಾಲಕ್ಕೆ ಮೊದಲು ಕೆಸರು ತೆಗೆಯಬೇಕಾದ ಮುರಕಲ್ಲಿನ ಬಾವಿ. ಆಳ 12 ಮೀಟರ್, ಅಗಲ ಎರಡೂವರೆ. ಪಂಪ್ ಇರುವ ಮೀಟರಿನ ಪೈಪ್ ಇಳಿಸಿದಾಗ ತಳದಲ್ಲಿ ಆಮ್ಲಜನಕ ಶೇ. 20.0, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಎಲ್‌ಇಎಲ್ (ಉರಿಯುವ ಅನಿಲದ ಅಳತೆ) ಮೂರೂ ಸೊನ್ನೆ. ಅಲಾರಂ ಇಲ್ಲ, ಮೇಣದ ಬತ್ತಿಯೂ ಉರಿಯಿತು. ಇಳಿದವರು ತಳ ಮುಟ್ಟಿದ ಕೂಡಲೇ ಏದುಸಿರು, ತಲೆನೋವು ಅಂತ ಹತ್ತಿ ಬಂದರು. ಮೀಟರ್ ಹಾಳಾಗಿದೆಯೇ? ಇನ್ನೊಂದು: ಕ್ಲಿನಿಕ್ಕಿನಲ್ಲಿ ಬಿಪಿ ಉಪಕರಣ ಒಡೆದು ಪಾದರಸ ಚೆಲ್ಲಿದೆ. ಅದನ್ನೂ ಇದರಲ್ಲೇ ನೋಡಬಹುದೇ?

ಹೊಸೂರು ಕ್ಯಾಲಿಬ್ರೇಷನ್
ಮೀಟರ್ ಹಾಳಾಗಿರಬೇಕೆಂದಿಲ್ಲ ಅಣ್ಣ. ಆ 20.0 ಅನ್ನೇ ಎಚ್ಚರಿಕೆ ಅಂತ ಓದಬೇಕು. ಹೊರಗಿನ ಗಾಳಿಯಲ್ಲಿ 20.9 ಇರುತ್ತದೆ. ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಪಾಲು ಮಾತ್ರ, ಹಾಗಾಗಿ ಬೇರೆ ಅನಿಲ ಬಂದು ಗಾಳಿಯನ್ನು ಪಕ್ಕಕ್ಕೆ ತಳ್ಳಿ 0.9 ಇಳಿಸಬೇಕಾದರೆ ಆ ಅನಿಲ ಶೇ. 4.3 ಇರಬೇಕು. ಇಂಥ ಬಾವಿಯಲ್ಲಿ ಮೊದಲ ಅನುಮಾನ ಕಾರ್ಬನ್ ಡೈಆಕ್ಸೈಡ್ ಮೇಲೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂರುತ್ತದೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಪ್ರಕಾರ ಶೇ. 4 ಅಂದರೆ ಜೀವಕ್ಕೆ ತಕ್ಷಣದ ಅಪಾಯದ ಮಟ್ಟ. ಆಮ್ಲಜನಕದ ಅಲಾರಂ ಹೊಡೆಯುವುದು 19.5ಕ್ಕೆ, ಅಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 6.7 ತಲುಪಿರಬಹುದು. ಬತ್ತಿ ಆರುವುದು ಆಮ್ಲಜನಕ 16–17ಕ್ಕೆ ಇಳಿದ ಮೇಲೆ. ಬತ್ತಿಯನ್ನು ನಂಬಲೇಬೇಡಿ, ಮೀಥೇನ್ ಇದ್ದರೆ ಅದೇ ಬೆಂಕಿ ಹಚ್ಚುತ್ತದೆ.

ಮಣ್ಣಿನೊಳಗಿನ ಆಮ್ಲಜನಕವನ್ನೇ ತಿಂದು ಹುಟ್ಟಿದ ಅನಿಲವಾದರೆ ಈ ಲೆಕ್ಕ ಕಡಿಮೆ ಬರುತ್ತದೆ. ಆದ್ದರಿಂದ ಊಹೆ ಬೇಡ. ಇನ್ಫ್ರಾರೆಡ್ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇರುವ ಮೀಟರ್ ತನ್ನಿ, ಅಥವಾ ಕೈಪಂಪಿಗೆ ಸಿಕ್ಕಿಸುವ ಬಣ್ಣ ಬದಲಾಗುವ ಗಾಜಿನ ಟ್ಯೂಬ್ ತನ್ನಿ. ಟ್ಯೂಬಿನ ಮೇಲೆ ಎಷ್ಟು ಸಲ ಎಳೆಯಬೇಕೆಂದು ಬರೆದಿರುತ್ತದೆ. ಅಷ್ಟೇ ಎಳೆಯಬೇಕು, ಅವಧಿ ಮುಗಿದ ಟ್ಯೂಬ್ ಬಳಸಬಾರದು.

ಕುಂಬಳೆ ಸೇಫ್ಟಿ
ಪೈಪಿನ ಲೆಕ್ಕವನ್ನೂ ನೋಡಿ. ಒಳವ್ಯಾಸ 4 ಮಿಮೀ, ಉದ್ದ 15 ಮೀಟರ್ ಇದ್ದರೆ ಒಳಗೆ ಸುಮಾರು 190 ಮಿಲಿ ಗಾಳಿ. ಪಂಪ್ ನಿಮಿಷಕ್ಕೆ 300 ಮಿಲಿ ಎಳೆದರೆ ತಳದ ಗಾಳಿ ಮೀಟರಿಗೆ ಬರಲಿಕ್ಕೇ 38 ಸೆಕೆಂಡ್, ಆಮೇಲೆ ಸೆನ್ಸರಿನ ಅಂಕಿ ಸರಿಯಾಗಿ ನಿಲ್ಲಲು ಇನ್ನರ್ಧ ನಿಮಿಷ. ಪ್ರತಿ ಒಂದೂವರೆ ಮೀಟರಿಗೆ ಎರಡು ನಿಮಿಷ ನಿಲ್ಲಿಸಿ. ಮೊದಲು ಪೈಪಿನ ತುದಿಯನ್ನು ಬೆರಳಲ್ಲಿ ಮುಚ್ಚಿ: ಪಂಪಿನ ಅಲಾರಂ ಬಾರದಿದ್ದರೆ ಎಲ್ಲೋ ಸೋರುತ್ತಿದೆ, ನೀವು ಅಳೆಯುತ್ತಿರುವುದು ಅಂಗಳದ ಗಾಳಿ. ತುದಿಗೆ ತೇಲುವ ಬೆಂಡು ಕಟ್ಟಿ, ನೀರು ಎಳೆದರೆ ಫಿಲ್ಟರ್ ಮುಗಿಯಿತು. ಸಾದಾ ರಬ್ಬರ್ ಪೈಪ್ ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಂಡು ಕಡಿಮೆ ತೋರಿಸುತ್ತದೆ. ಕೆಲಸಕ್ಕೆ ಮೊದಲು ಪರೀಕ್ಷಾ ಸಿಲಿಂಡರಿನ ಗ್ಯಾಸ್ ಕೊಟ್ಟು ನಾಲ್ಕೂ ಸೆನ್ಸರ್ ಎಚ್ಚೆತ್ತುಕೊಳ್ಳುತ್ತವೆಯೇ ನೋಡಿ. ಗೋಬರ್ ಗ್ಯಾಸ್ ಗುಂಡಿಯಲ್ಲಂತೂ ಎಲ್‌ಇಎಲ್ ಸೊನ್ನೆ ಬಂದರೆ ನಂಬಬೇಡಿ: ಉರಿಸಿ ಅಳೆಯುವ ಸೆನ್ಸರಿಗೆ ಆಮ್ಲಜನಕ ಬೇಕು, ಅಲ್ಲಿ ಅದು ಸಾಲದಿರಬಹುದು.

ಮಂಜೇಶ್ವರ ಲ್ಯಾಬ್
ಪಾದರಸ ಇದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಬೇರೆಯೇ ಯಂತ್ರ: 253.7 ನ್ಯಾನೋಮೀಟರ್ ಬೆಳಕನ್ನು ಆವಿ ಎಷ್ಟು ಹೀರುತ್ತದೆ ಎಂದು ನೋಡುವಂಥದ್ದು, ಇಲ್ಲವೇ ಚಿನ್ನದ ತೆಳು ಪದರದ್ದು. ಎರಡನೆಯದು ಹೈಡ್ರೋಜನ್ ಸಲ್ಫೈಡಿಗೂ ಮೋಸಹೋಗುತ್ತದೆ, ಶೌಚಾಲಯದ ಪಕ್ಕದ ಕೋಣೆಯಲ್ಲಿ ಜಾಗ್ರತೆ. ನೆಲದ ಹತ್ತಿರ ಒಮ್ಮೆ, ಮೂಗಿನ ಎತ್ತರದಲ್ಲಿ ಒಮ್ಮೆ ಅಳೆಯಿರಿ. ಕೆಲಸದ ಜಾಗಕ್ಕೆ ಎಸಿಜಿಐಎಚ್ (ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘ) ಹೇಳುವ ಮಿತಿ ಘನಮೀಟರಿಗೆ 0.025 ಮಿಲಿಗ್ರಾಂ, 20 ಡಿಗ್ರಿಯಲ್ಲೇ ಮುಚ್ಚಿದ ಕೋಣೆಯ ಗಾಳಿ 13 ಮಿಲಿಗ್ರಾಂವರೆಗೆ ಹಿಡಿದಿಟ್ಟುಕೊಳ್ಳಬಲ್ಲದು, ನಮ್ಮ ಸೆಕೆಗೆ ಇನ್ನೂ ಹೆಚ್ಚು. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಕಿಟಕಿ ತೆರೆದು, ಹನಿಗಳನ್ನು ರಟ್ಟಿನಲ್ಲಿ ಒಟ್ಟುಮಾಡಿ, ಸಿರಿಂಜಿನಲ್ಲಿ ಎಳೆದು ಬಿಗಿ ಮುಚ್ಚಳದ ಬಾಟಲಿಗೆ ಹಾಕಿ.

ಬದಿಯಡ್ಕ ಬಾವಿಕೆಲಸ
ಬಾವಿಯ ಗಾಳಿ ಬದಲಿಸಲು ಬ್ಲೋವರ್ (ಗಾಳಿ ಊದುವ ಯಂತ್ರ) ಬದಲು ಸೊಪ್ಪಿನ ಕಟ್ಟು ಇಳಿಸಿ ಎತ್ತಿದರೆ ಸಾಲದೇ?

ಕುಂಬಳೆ ಸೇಫ್ಟಿ
ಗಾಳಿ ಸ್ವಲ್ಪ ಕದಡುತ್ತದೆ, ಎಷ್ಟೆಂದು ಯಾರೂ ಹೇಳಲಾರರು. ನಿಮ್ಮ ಬಾವಿಯಲ್ಲಿ ಸುಮಾರು 59 ಘನಮೀಟರ್ ಗಾಳಿ. ಗಂಟೆಗೆ 1500 ಘನಮೀಟರಿನ ಬ್ಲೋವರ್ ಕೊಳವೆಯನ್ನು ತಳದಿಂದ ಒಂದು ಮೀಟರ್ ಮೇಲಿನವರೆಗೆ ಇಳಿಸಿ 20 ನಿಮಿಷ ಓಡಿಸಿ, ಮತ್ತೆ ಅಳೆದು, ಸರಿಯಿದ್ದರೆ ಮಾತ್ರ ಆಳನ್ನು ಇಳಿಸಿ. ಆಳು ಒಳಗಿರುವಷ್ಟು ಹೊತ್ತೂ ಬ್ಲೋವರ್ ನಿಲ್ಲಿಸಬೇಡಿ. ಜನರೇಟರ್ ದೂರ, ಗಾಳಿಯ ಕೆಳದಿಕ್ಕಿಗೆ ಇರಲಿ. ಸೊಂಟಪಟ್ಟಿ ಸಾಲದು, ಎದೆ-ತೊಡೆಗೆ ಬಿಗಿಯುವ ಹಾರ್ನೆಸ್ ಹಾಕಿ, ಹಗ್ಗ ಮೇಲಿನ ರಾಟೆಗೆ ಕಟ್ಟಿರಲಿ. ಒಳಗಿನವನು ಕುಸಿದರೆ ಹಗ್ಗದಿಂದಲೇ ಎಳೆಯಿರಿ, 101ಕ್ಕೆ ಕರೆ ಮಾಡಿ. ಎರಡನೆಯವರು ಇಳಿಯಲೇಬಾರದು.