ನೀರುನಾಯಿ ಕೆಲಸಕ್ಕೆ ಹಣ: ಸಣ್ಣ ಅನುದಾನವೋ, ಪ್ರಶಸ್ತಿಯೋ?

ಪ್ರಶ್ನೆ

ನಾವು ನಾಲ್ವರು ಗೆಳೆಯರು ಎರಡು ವರ್ಷಗಳಿಂದ ಕಂಪ್ಲಿ ಬಳಿ ತುಂಗಭದ್ರೆಯ ದಂಡೆಯಲ್ಲಿ ನೀರುನಾಯಿಗಳ ಜಾಡು ಹಿಡಿದು ದಾಖಲಿಸುತ್ತಿದ್ದೇವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು ಸರ್ಕಾರ 2015ರಲ್ಲಿಯೇ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರೂ, ನೀರುನಾಯಿಗಳಿಂದ ಬಲೆ ಹರಿದುಹೋದ ಮೀನುಗಾರರ ಸಂಕಟವನ್ನು ಕೇಳುವವರು ಕಡಿಮೆ. ಇದುವರೆಗೆ ಕೈಯಿಂದ ಖರ್ಚು ಮಾಡಿದ್ದೇವೆ. ವನ್ಯಜೀವಿ ಸಂರಕ್ಷಕರಿಗೆ ಕೊಡುವ ವಿಟ್ಲಿ ಪ್ರಶಸ್ತಿಗೆ ಅರ್ಜಿ ಹಾಕಬಹುದೇ?

ಉತ್ತರ 1

ಈಗಲೇ ಬೇಡವೆಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನ ಆ ಪ್ರಶಸ್ತಿ ವರ್ಷಾನುಗಟ್ಟಲೆ ಒಂದೇ ನೆಲದಲ್ಲಿ ದುಡಿದವರನ್ನು ಅರಸುತ್ತದೆ. ನಮ್ಮಲ್ಲಿ 2009ರಲ್ಲಿ ಎಂ.ಡಿ. ಮಧುಸೂದನ್, 2017ರಲ್ಲಿ ಸಂಜಯ ಗುಬ್ಬಿ ಅದನ್ನು ಪಡೆದದ್ದು ದೀರ್ಘಕಾಲದ ಕೆಲಸದ ಬಲದಿಂದ. ವನ್ಯಜೀವಿ ವಿಜ್ಞಾನಿ ಕೃತಿ ಕಾರಂತರಿಗೆ 2019ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಾಗಲೂ, ಬಂಡೀಪುರ, ನಾಗರಹೊಳೆಯ ಸುತ್ತಲ ಹಳ್ಳಿಗರಿಗೆ ಕಾಡುಪ್ರಾಣಿಗಳಿಂದಾದ ನಷ್ಟಕ್ಕೆ ಪರಿಹಾರದ ಅರ್ಜಿ ತುಂಬಿಕೊಡುವ ಅವರ ‘ವೈಲ್ಡ್ ಸೇವೆ’ ಶುರುವಾಗಿ ನಾಲ್ಕು ವರ್ಷಗಳಾಗಿದ್ದವು. ನಿಮ್ಮಂಥವರಿಗೆ ಹೊಂದುವುದು ಸಂರಕ್ಷಣಾ ಕೆಲಸಕ್ಕೆ ನೆರವು ಕೊಡುವ ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಮೊದಲ ಸಣ್ಣ ಅನುದಾನ. ಅದಕ್ಕೆ ನಿಮ್ಮ ಕೆಲಸ ಬಲ್ಲ ಮೂವರ ಶಿಫಾರಸು ಬೇಕು. ಅರ್ಜಿಯಲ್ಲಿ ‘ಜಾಗೃತಿ ಮೂಡಿಸುತ್ತೇವೆ’ ಎಂದು ಬರೆಯುವ ಬದಲು, ಎಷ್ಟು ಬಲೆಗಳು, ಯಾವ ತಿಂಗಳಲ್ಲಿ, ಯಾವ ಮಡುವಿನಲ್ಲಿ ಹರಿದವು ಎಂಬುದನ್ನು ಬರೆಯಿರಿ.

ಉತ್ತರ 2

ಹಣ ಯಾವ ದಾರಿಯಲ್ಲಿ ಬರುತ್ತದೆಂಬುದನ್ನು ಅರ್ಜಿಗಿಂತ ಮೊದಲೇ ತೀರ್ಮಾನಿಸಿಕೊಳ್ಳಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ನೋಂದಾಯಿತ ಸಂಸ್ಥೆಯೊಂದು ಪಡೆದ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚವೂ ಶೇ. 20ನ್ನು ಮೀರಬಾರದು. ಹಾಗಾಗಿ ‘ದೊಡ್ಡ ಸಂಸ್ಥೆಯ ಮೂಲಕ ತರಿಸಿಕೊಳ್ಳೋಣ’ ಎಂಬ ಹಳೆಯ ಉಪಾಯ ನಡೆಯದು. ಅರಣ್ಯ ಇಲಾಖೆಯ ಅನುಮತಿ ಪತ್ರವನ್ನೂ ಈಗಲೇ ಕೇಳಿಡಿ.

ಉತ್ತರ 3

ಒಂದು ಅನುಭವ ಹೇಳುತ್ತೇನೆ. ನಮ್ಮ ದಾನಿಯೊಬ್ಬರು ಕೊನೆಯ ಕಂತನ್ನು ಎಂಟು ತಿಂಗಳು ತಡಮಾಡಿದರು, ರಾತ್ರಿ ಹೊಳೆ ಕಾಯುತ್ತಿದ್ದ ಹುಡುಗ ಕೂಲಿಯಿಲ್ಲದೆ ಇಟ್ಟಿಗೆ ಭಟ್ಟಿಗೆ ಹೊರಟುಹೋದ. ಅವನಷ್ಟು ಹೊಳೆ ಬಲ್ಲವರು ನಮಗೆ ಮತ್ತೆ ಸಿಗಲಿಲ್ಲ. ಬಜೆಟ್ಟಿನಲ್ಲಿ ಕ್ಯಾಮೆರಾಕ್ಕಿಂತ ಮೊದಲು ಸ್ಥಳೀಯರ ಸಂಬಳವನ್ನು ಬರೆಯಿರಿ.

ಪ್ರಶ್ನಿಸಿದವರು

ಧನ್ಯವಾದಗಳು. ಇಂದು ಬೆಳಿಗ್ಗೆ ಬಂಡೆಯೊಂದರ ಮೇಲೆ ಹಸಿ ಹಿಕ್ಕೆ ಸಿಕ್ಕಿತು, ಮೀನಿನ ಹುರುಪೆಗಳು ಬಿಸಿಲಿಗೆ ಮಿನುಗುತ್ತಿದ್ದವು. ಹತ್ತು ಹೆಜ್ಜೆ ಆಚೆ ಹರಿದ ಬಲೆಯನ್ನು ಹೆಣೆಯುತ್ತ ಕುಳಿತ ಹಿರಿಯರಿದ್ದರು. ಅವರ ಬಲೆಗಳ ಲೆಕ್ಕವನ್ನು ಇವತ್ತಿನಿಂದಲೇ ಬರೆಯಲು ಶುರುಮಾಡಿದ್ದೇವೆ.